ನಡುಗದ ಕೈ

ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ಬಸ್ ಸ್ಟಾಪಿನಲ್ಲಿ ಮಗುವನ್ನು ತಟ್ಟಿ ಮಲಗಿಸುತ್ತಿದ್ದ ಮಾರಕ್ಕನ ಪಕ್ಕದಲ್ಲಿ ಇಬ್ಬರು ಬಂದು ಕೂತರು. ಒಬ್ಬರು ದೊಡ್ಡಬಳ್ಳಾಪುರದ ಕಡೆಯ ಮಧುರೆ ಎಂಬ ಊರಿನ ವೆಲ್ಡರ್ ನರಸಿಂಹಯ್ಯ, ಇನ್ನೊಬ್ಬಳು ನಿಲ್ದಾಣದ ಕೆಲಸಕ್ಕೆ ಅವತ್ತು ಅವರ ವೆಲ್ಡಿಂಗ್ ಪರೀಕ್ಷಿಸಿದ ಇಂಜಿನಿಯರ್ ಸಂಘಮಿತ್ರ.

“ಪಾಸು ಅಂತ ನಿಜವಾಗ್ಲೂ ಬರೆದ್ರಾ ಮೇಡಮ್?”

“ಬರೆದಾಯ್ತು ನರಸಿಂಹಯ್ಯ. ಸೋಮವಾರದಿಂದ ಬನ್ನಿ.”

“ಕೈ ನಡುಗ್ತೈತೆ ಅಂತ ಕಸುಬೇ ಬಿಡೋನಿದ್ದೆ. ಆರು ತಿಂಗಳಿಂದ ಕಾಫಿ ಮುಟ್ಟಿಲ್ಲ.”

“ನಡುಗ್ತಿದ್ದದ್ದು ಕೈಯಲ್ಲ, ವೆಲ್ಡಿಂಗ್ ಕಡ್ಡಿ ತುದೀಲಿ ಉರಿಯೋ ಆರ್ಕು. ನಿಮ್ಮ ಅಂಗಡೀದು ಎ.ಸಿ. ಮಿಷಿನ್ನು. ಅದರಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡುತ್ತೆ. ದಿಕ್ಕು ಬದಲಾದಾಗೆಲ್ಲ ಆರ್ಕು ಸತ್ತು ಮತ್ತೆ ಹತ್ಕೋಬೇಕು.”

“ಮಧ್ಯಾಹ್ನ ಊರಿನ ಪಂಪ್‌ಸೆಟ್ಟೆಲ್ಲ ಶುರುವಾದ್ರೆ ಹತ್ಕೊಳ್ತಾನೇ ಇರ್ಲಿಲ್ಲ.”

“ವೋಲ್ಟೇಜ್ ಇಳಿದ್ರೆ ಹೇಗೆ ಹತ್ಕೊಳ್ಳುತ್ತೆ? ಇವತ್ತು ನೀವು ಹಿಡಿದಿದ್ದು ಡಿ.ಸಿ. ಒಂದೇ ಕಡೆ ಹರಿಯುತ್ತೆ, ಆರ್ಕು ನಿಲ್ಲುತ್ತೆ.”

“ಅದು ತಿಳೀದೆ ಮೂರು ತಾಯಿತ ಕಟ್ಕೊಂಡೆ.”

“ಇರ್ಲಿ ಬಿಡಿ, ಒಂದನ್ನ ಬಿಚ್ಚಿ ಮಿಷಿನ್ನಿಗೆ ಕಟ್ಟಿ.”

ನರಸಿಂಹಯ್ಯ ನಕ್ಕರು. ಆಮೇಲೆ ದನಿ ತಗ್ಗಿತು.

“ಕೈ ನಡುಗ್ತೈತೆ ಅಂದಾಗ, ಊರಲ್ಲಿ ಯಾವ ಮಿಷಿನ್ನು ಅಂತ ಕೇಳಿ, ಇದ್ರಲ್ಲಿ ಮಾಡಿ ನೋಡಿ ಅಂತ ನೀವು ಅನ್ನದೆ ಇದ್ದಿದ್ರೆ, ಕಡ್ಡಿ ಹಿಡೀದೇ ವಾಪಸ್ ಹೋಗ್ತಿದ್ದೆ ತಾಯಿ. ನಿಮ್ಮ ಉಪಕಾರ ಮರೆಯಲ್ಲ.”

“ಮನೆಗೆ ಫೋನ್ ಮಾಡಿದ್ರಾ?”

“ಫೋನಲ್ಲಿ ಹೇಳಲ್ಲ. ಊಟಕ್ಕೆ ಕೂತ್ರೆ ನಮ್ಮನೆಯವಳು ನನ್ನ ಮುಖ ನೋಡಲ್ಲ, ಕೈಯನ್ನೇ ನೋಡ್ತಿರ್ತಾಳೆ. ಎದುರಿಗೆ ಕೂತೇ ಹೇಳ್ಬೇಕು.”

ಮಧುರೆ ಬಸ್ಸು ಬಂತು. ನರಸಿಂಹಯ್ಯ ಕೈಮುಗಿದು ಹತ್ತಿದರು. ಸಂಘಮಿತ್ರ ಕೆಲಸದ ಕಡೆಗೆ ನಡೆದಳು. ಆ ಬಸ್ಸು ದಾರಿಯಲ್ಲಿ ಎಲ್ಲೂ ಹೆಚ್ಚು ಹೊತ್ತು ನಿಲ್ಲದಿರಲಿ ಎಂದು ಮಾರಕ್ಕನಿಗೆ ಅನಿಸಿತು.