ಆರನೇ ಅಂಕಿ

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಗಂಡ ಹೆಂಡತಿ, ಇಬ್ಬರ ಕೈಯಲ್ಲೂ ಮೊಬೈಲು.

"ರೀ, ಓಟಿಪಿ ಬಂತಾ?"

"ಬಂತು. ಯಾತಕ್ಕೆ?"

"ನಮ್ಮಮ್ಮನ ಕಿವಿ ಮಿಷನ್ನಿಗೆ. ನಿನ್ನೆನೇ ಹೇಳಿದ್ನಲ್ಲ."

"ಅವರಿಗೆ ಕೇಳಿಸಿ ಈಗ ಆಗಬೇಕಾದ್ದೇನು?"

"ನನ್ನ ಸಂಬಳದ ಕಾರ್ಡು ರೀ ಇದು."

"ಮೆಸೇಜ್ ಬರೋ ನಂಬರ್ ನಂದಲ್ವಾ? ಹಾಕ್ಕೋ. ನಾಲ್ಕು, ಒಂದು, ಒಂಬತ್ತು, ಸೊನ್ನೆ, ಏಳು."

"ಇನ್ನೊಂದು?"

ಅವನು ಗೋಡೆಯ ಗಡಿಯಾರ ನೋಡುತ್ತ ಕೂತ.

"ರೀ, ಟೈಮ್ ಮುಗಿಯುತ್ತೆ."

"ಮುಗೀಲಿ. ಮತ್ತೆ ಕಳಿಸ್ತಾರೆ."

"ಇದು ಮೂರನೇ ಸಲ."

"ಬ್ಯಾಂಕಿನ ಫೋನ್ ಹಿಡ್ಕೊಂಡು, ಓಟಿಪಿ ಯಾರಿಗೂ ಹೇಳಬೇಡಿ, ಮನೆಯವರಿಗೂ ಹೇಳಬೇಡಿ ಅಂತ ದಿನವಿಡೀ ಜನಕ್ಕೆ ಬುದ್ಧಿ ಹೇಳೋಳು ನೀನೇ ತಾನೇ? ನಿನ್ನ ಮಾತೇ ನಾನು ಕೇಳ್ತಿರೋದು."

ಒಳಗಿನಿಂದ ನರ್ಸ್ ಕರೆದಳು. ಅವನು ಎದ್ದು, ತನ್ನ ಮೊಬೈಲನ್ನು ಅವಳ ಮಡಿಲಿಗೆ ಹಾಕಿದ.

"ಜೋಪಾನ. ನನ್ನ ಹೆಬ್ಬೆಟ್ಟಿಲ್ದೆ ತೆರೆಯಲ್ಲ ಅದು, ಮೆಸೇಜೂ ಕಾಣಲ್ಲ."

ಬಾಗಿಲು ಮುಚ್ಚಿತು. ಅವಳು ತನ್ನ ಮೊಬೈಲಿನಲ್ಲಿ ಓಟಿಪಿಗೆ ಇನ್ನೊಮ್ಮೆ ಒತ್ತಿದಳು. ಮಡಿಲಲ್ಲಿದ್ದದ್ದು ಟಿಂಗ್ ಎಂದಿತು.