ಗಿಟಾರಿನ ಕತ್ತಿನಡಿಯ ಬಾಚಣಿಗೆ ಚೂರು

ನಾನು ಬಡಗಿ, ವಯಸ್ಸು ಐವತ್ತೇಳು, ಓದು ಊರಶಾಲೆಯಲ್ಲಿ ಏಳನೆಯ ತರಗತಿ, ವಾಸ ರೈಲ್ವೆ ಗೇಟಿನ ಹಿಂದಿನ ಬೀದಿ, ಮನೆ ನಂಬರ್ 14. ಉಳಿ ಮಾವನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗಳಿಗೆ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಟ್ಟಿರುತ್ತೇನೆ. ಕತ್ತು ಮತ್ತು ವೈರಿನ ಸಾಮಾನು ಅಂಗಡಿಯದು. ಒಡಲು ಹಳೆಯ ಬಾಗಿಲ ಹಲಗೆಯದು, ಉಜ್ಜಿ ಹದ ಮಾಡಿ ಕೂಡಿಸಿದ ಕೆಲಸವೆಲ್ಲ ನನ್ನದು. ಕತ್ತು ಒಡಲಿಗೆ ಕೂಡುವ ಕಡೆ ಒಂದು ಕೂದಲೂ ತೂರುವುದಿಲ್ಲವೆಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿರುತ್ತೇನೆ. ಕಳೆದ ತಿಂಗಳು 9ರಂದು ಅದು ಅಭ್ಯಾಸದ ಕೋಣೆಯಿಂದ ಕಳವಾಯಿತು. ಈ ಶನಿವಾರ ಅವಳು ಮೊದಲ ಸಲ ವೇದಿಕೆ ಹತ್ತುವವಳು. ಬೇರೆಯದು ತರುತ್ತೇನೆಂದರೆ, ಬೇಡ ಮಾವ, ನಂಗೆ ಅದೇ ಕೈಗೆ ಕೂತಿರೋದು ಎಂದು ಊಟ ಬಿಟ್ಟಳು.

ಇಂದು ಬೆಳಿಗ್ಗೆ 10-20ಕ್ಕೆ ಬಸ್ ನಿಲ್ದಾಣದಿಂದ 200 ಅಡಿ ದೂರದ ಹಳೆ ವಾದ್ಯಗಳ ಅಂಗಡಿಯಲ್ಲಿ ಕಪ್ಪು ಗಿಟಾರೊಂದನ್ನು ಕಂಡೆನು. ನಮ್ಮದು ಜೇನು ಬಣ್ಣದ್ದು. ಆದರೂ ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ. ನೂಲು ಹಿಡಿದಂತೆ ನೆಟ್ಟಗಿತ್ತು. ಕತ್ತಿನ ಮೇಲಿನ ಲೋಹದ ಫ್ರೆಟ್ ಪಟ್ಟಿಗಳ ತುದಿಗೆ ಅಂಗೈ ಸವರಿದೆ, ಒಂದೂ ಗೀರಲಿಲ್ಲ. ತೊಡೆಯ ಮೇಲಿಟ್ಟು ಕೈಬಿಟ್ಟೆ, ಗಿಟಾರಿನ ತಲೆ ವಾಲಲಿಲ್ಲ. ಆರೂ ತಂತಿ ಒತ್ತಿ ಮೀಟಿದೆ. ಬೆರಳಿಗೆ ಹಗುರ, ಗೊರಗುಟ್ಟುವ ಸದ್ದಿಲ್ಲ. ಇಷ್ಟು ಒಳ್ಳೆಯ ಕೆಲಸ ಈ ಊರಿನಲ್ಲಿ ನನ್ನದಲ್ಲದೆ ಇನ್ನಾರದೂ ಆಗಲಾರದೆಂದು ಅಂಗಡಿಯವನಿಗೆ ತಿಳಿಸಿದೆ. ಅವನು, ಇದು ಕಂಪನಿ ಮಾಲು ಅಜ್ಜ, ಮಂಚ ಮಾಡೋರಿಗೇನು ಗೊತ್ತು ಎಂದನು. ಅಜ್ಜ ಎಂದದ್ದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಲು ಕೋರುತ್ತೇನೆ.

ಅಲ್ಲಿಂದ ನೇರ ಠಾಣೆಗೆ ಬಂದು ದೂರಿದೆನು. 11-40ಕ್ಕೆ ತಾವು ಅಂಗಡಿಯವನನ್ನು ಗಿಟಾರ್ ಸಮೇತ, ನನ್ನ ಮನೆಯವರನ್ನೂ ಕರೆಸಿ, ನಿಮ್ಮದೇ ಎನ್ನಲು ಗುರುತೇನು ಎಂದು ಕೇಳಿದಿರಿ. ಗುರುತು ಇತ್ತು. ಆದರೆ ಎದುರು ಬೆಂಚಿನಲ್ಲಿ ನನ್ನ ಹೆಂಡತಿಯೂ ಅಕ್ಕನ ಮಗಳೂ ಕುಳಿತಿದ್ದರಿಂದ ನಾಲ್ಕು ನಿಮಿಷ ಬಾಗಿಲ ಹಲಗೆಯ ಗುಣವನ್ನೇ ವಿವರಿಸಿ, ಆಮೇಲೆ ನಿಜ ಹೇಳಿದೆ. ಕತ್ತು ಕೂರುವ ಗುಂಡಿಯನ್ನು ನಾನು ಒಂದೂವರೆ ಮಿಲಿಮೀಟರ್ ಹೆಚ್ಚು ಆಳಕ್ಕೆ ಕೆತ್ತಿದ್ದೆ, ಕತ್ತು ತಗ್ಗಿತು. ತಂತಿಗಳು ಎತ್ತರಕ್ಕೆ ನಿಂತು ಬೆರಳು ಕೊಯ್ಯುವಂತಿದ್ದವು. ಯಾರಿಗೂ ಹೇಳದೆ, ಹೆಂಡತಿಯ ಮರದ ಬಾಚಣಿಗೆಯ ಬೆನ್ನನ್ನು ಸೀಳಿ ಕತ್ತಿನಡಿಗೆ ಇಟ್ಟಿದ್ದೆ. ಆ ಬಾಚಣಿಗೆಯನ್ನು ನಾದಿನಿ ಒಯ್ದಳೆಂದು ಮನೆಯಲ್ಲಿ ಮಾತು ಹುಟ್ಟಿಸಿದವನೂ ನಾನೇ.

12-05ಕ್ಕೆ ತಮ್ಮೆದುರು ನಾಲ್ಕು ಸ್ಕ್ರೂ ಬಿಚ್ಚಿದೆ. ಚೂರು ಅಲ್ಲೇ ಇತ್ತು, ಎರಡು ಹಲ್ಲಿನ ಬುಡ ಸಮೇತ. ಅಂಗಡಿಯವನು ತಲೆ ತಗ್ಗಿಸಿ, ಯಾರೋ ತಂದು ಮಾರಿದ್ದು, ಬಣ್ಣ ಬಳಿದದ್ದು ತಾನೇ ಎಂದು ಒಪ್ಪಿದನು. ಹೆಂಡತಿಯು, ಪಾಪ ನನ್ನ ತಂಗೀನ ಕಳ್ಳಿ ಮಾಡಿದ್ರಲ್ರೀ, ಮನೆಗೆ ಬನ್ನಿ ಎಂದಳು. ಅಕ್ಕನ ಮಗಳು, ಕೂದಲೂ ತೂರಲ್ಲ ಅಂತಿದ್ರಿ ಮಾವ, ಬಾಚಣಿಗೇನೇ ತೂರಿಸಿದೀರಲ್ಲ ಎಂದು ನಕ್ಕಳು. ಅವಳು ನಕ್ಕದ್ದು ಒಂದು ತಿಂಗಳಾದ ಮೇಲೆ.

ಚೂರನ್ನು ಸಾಕ್ಷ್ಯವೆಂದು ಠಾಣೆಯಲ್ಲಿಟ್ಟುಕೊಳ್ಳದೆ ಫೋಟೊ ತೆಗೆದು ಹಿಂದಿರುಗಿಸಬೇಕು. ಹೊಸದನ್ನು ಕೆತ್ತಿ ಹಾಕಬಲ್ಲೆ, ಇದಕ್ಕಿಂತ ಚೆನ್ನಾಗಿಯೇ. ಆದರೆ ಅವಳ ಬೆರಳು ಪಳಗಿರುವುದು ಈ ಎತ್ತರಕ್ಕೆ, ಶನಿವಾರಕ್ಕೆ ಉಳಿದಿರುವುದು ಎರಡೇ ದಿನ.

ಓದಿ ಹೇಳಿದ್ದನ್ನು ಕೇಳಿರುತ್ತೇನೆ. ಮೇಲಿನದೆಲ್ಲ ನಿಜ, ಒಂದೂವರೆ ಮಿಲಿಮೀಟರ್ ಸಹ ನಿಜ.

ಸ್ಥಳ: ಠಾಣೆ, ಎದುರು ಬೆಂಚು
ದಿನ: ಗುರುವಾರ, ಮಧ್ಯಾಹ್ನ 12-50
ಸಹಿ: (ಹೆಬ್ಬೆಟ್ಟಲ್ಲ, ಸಹಿಯೇ)