ಮುಳುಗಿದ ದೋಣಿಗೆ ಹಾಯಿ

ಪೇಂಟ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ-ತಮ್ಮ ನಿಂತಿದ್ದರು. ಬಿರುಕಿಗೆ ಮೆತ್ತುವ ಅಂಟಿನ ದೊಡ್ಡ ಡಬ್ಬಿ ತಮ್ಮನ ಕೈಯಲ್ಲಿತ್ತು.

"ಅಪ್ಪನ ದೋಣಿ ಪೂರ್ತಿ ಮುಳುಗ್ತಾ?"

"ಅಂಚಿನವರೆಗೂ ನೀರು, ಅಕ್ಕ. ಬೇಸಿಗೆಯೆಲ್ಲ ಉಜ್ಜಿ, ಬಣ್ಣ ಹೊಡೆದು ಇಳಿಸಿದ್ದು. ನೀರಲ್ಲಿ ಹೋಮ ಮಾಡಿದ ಹಾಗಾಯ್ತು."

"ಅಷ್ಟು ವರ್ಷ ಶೆಡ್ಡಲ್ಲಿ ಒಣಗಿದ ಮರ ಕಣೋ ಅದು. ನೀರು ಕುಡಿದು ಊದಿಕೊಂಡರೆ ಹಲಗೆಗಳು ತಾವೇ ಬಿಗಿಯಾಗಿ ಕೂರ್ತವೆ. ಇನ್ನೆರಡು ದಿನ ಹಾಗೇ ಬಿಡು."

"ದಡದಲ್ಲಿ ನಿಂತವರೆಲ್ಲ ಹಲ್ಲು ಕಿರೀತಿದ್ರು."

"ಕಿರೀಲಿ ಬಿಡು. ಈ ಅಂಟು ಮೆತ್ತಿದ್ರೆ ಮರ ಊದೋಕೆ ಜಾಗ ಎಲ್ಲಿ? ಹಲಗೆ ಸೀಳಿಹೋಗುತ್ತೆ. ಅಪ್ಪನಿಗೆ ಹೇಳಿದ್ಯಾ?"

"ಹೇಳದೆ ಇರೋಕಾಗುತ್ತಾ? ಅವರೂ ನಕ್ಕರು."

"ಅಪ್ಪನಾ? ನಕ್ಕರಾ?"

"ಹೂಂ. ಕಾಲು ಮುರಿದುಕೊಂಡಾಗಿನಿಂದ ದೋಣಿ ಸುದ್ದಿ ಎತ್ತಿದ್ರೆ ಗೋಡೆ ಕಡೆ ತಿರುಗಿ ಮಲಗ್ತಿದ್ದವರು, ನಾನು ಮುಳುಗಿಸಿದೆ ಅಂದ ತಕ್ಷಣ ನಕ್ಕರು. ಮೈಯೆಲ್ಲ ಉರಿದುಹೋಯ್ತು ನನಗೆ."

"ಆಮೇಲೆ?"

"ಆಮೇಲೇನು, ಹಾಯಿ ಹೊಲಿಸಿದ್ದೀಯಾ ಅಂತ ಕೇಳಿದ್ರು. ಮುಳುಗಿದ ದೋಣಿಗೆ ಹಾಯಿ! ಹಂಗಿಸೋಕೂ ಒಂದು ಮಿತಿ ಬೇಡ್ವಾ?"

ಅಕ್ಕ ಡಬ್ಬಿ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. "ಇದನ್ನ ಸ್ವಲ್ಪ ವಾಪಸ್ ಇಟ್ಟುಬಿಡಿ" ಅಂದವರೇ ಬಾಗಿಲ ಕಡೆ ನಡೆದರು.

"ಅಕ್ಕ, ಎಲ್ಲಿಗೆ?"

"ಹಂಗಿಸಿದ್ದಲ್ವೋ, ಪೆದ್ದ! ಟೈಲರ್ ಅಂಗಡಿ ಮುಚ್ಚೋದ್ರೊಳಗೆ ನಡಿ. ಅಪ್ಪ ದೋಣಿ ಹತ್ತೋಕೆ ಹೊರಟು ನಿಂತಿದ್ದಾರೆ."